ಸಂಘದ ಕಂಪ್ಯೂಟರಿಗೂ ಕಾಲಕ್ಕೆ ಸರಿಯಾಗಿ ಲಸಿಕೆ ಬೇಕು



ಕಾಲುಬಾಯಿ ಜ್ವರದ ಲಸಿಕೆಯನ್ನು ಆರು ತಿಂಗಳಿಗೊಮ್ಮೆ ತಪ್ಪದೆ ಹಾಕಿಸುತ್ತೀರಿ. ಪಕ್ಕದ ಊರಿಗೆ ರೋಗ ಬಂದ ಮೇಲೆ ಓಡಿದರೆ ತಡವಾಗುತ್ತದೆ ಎಂಬುದು ನಿಮಗೆ ಗೊತ್ತು. ನಿಮ್ಮ ಹಾಲಿನ ಲೆಕ್ಕ ಇಡುವ ಸಂಘದ ಕಂಪ್ಯೂಟರಿಗೂ ಇದೇ ಮಾತು ಅನ್ವಯಿಸುತ್ತದೆ.

ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಮ್ ಎನ್ನುತ್ತಾರೆ. ವಿಂಡೋಸ್ ಅಂಥದ್ದೊಂದು. ಅದರಲ್ಲಿ ಕಳ್ಳರು ನುಸುಳುವ ಕಿಂಡಿಗಳು ಆಗಾಗ ಪತ್ತೆಯಾಗುತ್ತವೆ. ತಯಾರಿಸಿದ ಕಂಪನಿ ಅವನ್ನು ಮುಚ್ಚುವ ತಿದ್ದುಪಡಿಗಳನ್ನು ಕಳಿಸುತ್ತದೆ. ಆದರೆ ಪ್ರತಿ ಆವೃತ್ತಿಗೂ ಒಂದು ಕೊನೆಯ ದಿನಾಂಕವಿದೆ. ವಿಂಡೋಸ್ 7ಕ್ಕೆ ಅದು 2020ರ ಜನವರಿ 14. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14. ಕಚೇರಿಗಳ ಸರ್ವರ್‌ಗಳಲ್ಲಿರುವ ವಿಂಡೋಸ್ ಸರ್ವರ್ 2016ಕ್ಕೆ 2027ರ ಜನವರಿ 12.

ಆ ದಿನ ಕಂಪ್ಯೂಟರ್ ನಿಂತುಹೋಗುವುದಿಲ್ಲ. ಎಂದಿನಂತೆ ಚೀಟಿ ಕೊಡುತ್ತದೆ. ಅಪಾಯ ಇರುವುದೇ ಇಲ್ಲಿ. ಲಸಿಕೆ ತಪ್ಪಿದ ಹಸುವೂ ಮರುದಿನ ಚೆನ್ನಾಗಿಯೇ ಮೇಯುತ್ತದೆ.

2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ದಾಳಿ ಜಗತ್ತಿನಾದ್ಯಂತ ಕಂಪ್ಯೂಟರ್‌ಗಳಿಗೆ ಬೀಗ ಹಾಕಿ ಹಣ ಕೇಳಿತು. ಅದನ್ನು ತಡೆಯುವ ತಿದ್ದುಪಡಿ ಎರಡು ತಿಂಗಳು ಮೊದಲೇ ಬಂದಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳು ಸಾವಿರಾರು ರೋಗಿಗಳ ಭೇಟಿ ರದ್ದು ಮಾಡಬೇಕಾಯಿತು. ನಮ್ಮ ಸಂಘದಲ್ಲಿ ಹಾಗಾದರೆ ಸಿಕ್ಕಿಬೀಳುವುದು ನಿಮ್ಮ ಲೀಟರು, ಫ್ಯಾಟ್, ಎಸ್‌ಎನ್‌ಎಫ್, ಬಟವಾಡೆ ಮತ್ತು ಪ್ರೋತ್ಸಾಹಧನದ ಲೆಕ್ಕ.

ಮಾಡಬೇಕಾದ ಕೆಲಸಗಳು

1. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ನಂತರ ಅಬೌಟ್ ಒತ್ತಿದರೆ ಆವೃತ್ತಿ ಕಾಣುತ್ತದೆ. ಅದನ್ನೂ ಅದರ ಕೊನೆಯ ದಿನಾಂಕವನ್ನೂ ಸಂಘದ ಗೋಡೆಯ ಮೇಲೆ ಬರೆದಿಡಿ.

2. ಎಲ್ಲ ಲೆಕ್ಕದ ಎರಡು ಪ್ರತಿ ತೆಗೆಸಿ. ಒಂದನ್ನು ಕಂಪ್ಯೂಟರಿನಿಂದ ಬಿಡಿಸಿ ಬೇರೆ ಕಡೆ ಇಡಿ. ಪ್ರತಿ ತೆರೆಯುತ್ತದೆಯೇ ಎಂದು ನೋಡಿಸಿ. ತೆರೆಯದ ಪ್ರತಿ ಇದ್ದೂ ಇಲ್ಲದಂತೆ.

3. ಹಾಲು ಶೇಖರಣೆಯ ತಂತ್ರಾಂಶ, ತೂಕದ ಯಂತ್ರ, ಫ್ಯಾಟ್ ಯಂತ್ರ, ಪ್ರಿಂಟರ್ ಹೊಸ ಆವೃತ್ತಿಗೆ ಹೊಂದುತ್ತವೆಯೇ ಎಂದು ಕೊಟ್ಟವರನ್ನು ಮೊದಲೇ ಕೇಳಿ.

4. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಮತ್ತು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಹಳೆಯ ಯಂತ್ರದಲ್ಲಿ ಇಲ್ಲದಿದ್ದರೆ ಹೊಸದಕ್ಕೆ ಆಡಳಿತ ಮಂಡಳಿಯಲ್ಲಿ ಹಣ ಮಂಜೂರು ಮಾಡಿಸಿ.

5. ಬಟವಾಡೆ ಮುಗಿದ ಮರುದಿನ, ಬೆಳಗಿನ ಮತ್ತು ಸಂಜೆಯ ಹಾಲಿನ ನಡುವೆ ಬದಲಾಯಿಸಿ. ಮುಂದಿನ ಬಟವಾಡೆಯವರೆಗೆ ಪುಸ್ತಕದಲ್ಲೂ ಲೆಕ್ಕ ಬರೆಯಿರಿ. ಎರಡೂ ತಾಳೆಯಾಗುವವರೆಗೆ ಹಳೆಯ ಲೆಕ್ಕ ಅಳಿಸಬೇಡಿ.

ಕೂಡಲೇ ಬದಲಾಯಿಸಲು ಆಗದಿದ್ದರೆ, ವಿಂಡೋಸ್ 10ಕ್ಕೆ ಕಂಪನಿ ಹಣ ಪಡೆದು ಕೆಲವು ಕಾಲ ತಿದ್ದುಪಡಿ ಕೊಡುತ್ತದೆ. ಅದು ಬದಲಾವಣೆಗೆ ಸಿಗುವ ಕಾಲಾವಕಾಶ ಅಷ್ಟೇ. ಅಲ್ಲಿಯವರೆಗೆ ಆ ಕಂಪ್ಯೂಟರಿಗೆ ಹೊರಗಿನವರ ಪೆನ್‌ಡ್ರೈವ್ ಹಾಕಬೇಡಿ. ಅದರಲ್ಲಿ ಸಿನಿಮಾ, ಆಟ ಬೇಡ.

"ನಮಗೆ ಕಂಪ್ಯೂಟರ್ ಗೊತ್ತಿಲ್ಲ" ಎಂದು ಹಿಂಜರಿಯಬೇಡಿ. ಮುಂದಿನ ಸಭೆಯಲ್ಲಿ ಮೂರೇ ಪ್ರಶ್ನೆ ಕೇಳಿ: ನಮ್ಮದು ಯಾವ ಆವೃತ್ತಿ? ಅದರ ಕೊನೆಯ ದಿನ ಯಾವುದು? ಲೆಕ್ಕದ ಪ್ರತಿ ಎಲ್ಲಿದೆ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ನಿಮ್ಮ ಹಾಲಿನ ಚೀಟಿಗಳನ್ನು ಬಟವಾಡೆ ಕೈಸೇರುವವರೆಗೆ ಜೋಪಾನವಾಗಿಡಿ.

- ಪಶುವೈದ್ಯಾಧಿಕಾರಿ