ಆಪ್ತಸಮಾಲೋಚಕರ ಹಿನ್ನೆಲೆ ಮತ್ತು ಎಲ್ಲರನ್ನೂ ಒಳಗೊಳ್ಳುವ ಆಲಿಕೆ

ಪೀಠಿಕೆ

‘ಕೌನ್ಸೆಲಿಂಗ್’ ಎಂಬುದಕ್ಕೆ ಕನ್ನಡದಲ್ಲಿ ‘ಆಪ್ತಸಲಹೆ’, ‘ಆಪ್ತಸಮಾಲೋಚನೆ’ ಎಂಬ ಎರಡು ಪದಗಳು ಬಳಕೆಯಲ್ಲಿವೆ. ಅರ್ಥ ಒಂದೇ ಎನಿಸಿದರೂ ಇವುಗಳ ಧ್ವನಿ ಬೇರೆ. ಸಲಹೆಯನ್ನು ಒಬ್ಬರು ಕೊಡುತ್ತಾರೆ, ಮತ್ತೊಬ್ಬರು ಪಡೆಯುತ್ತಾರೆ. ಸಮಾಲೋಚನೆಯಲ್ಲಿ ಇಬ್ಬರೂ ಕೂಡಿ ಯೋಚಿಸುತ್ತಾರೆ. ಎರಡಕ್ಕೂ ಸಮಾನವಾದ ‘ಆಪ್ತ’ ಎಂಬುದಕ್ಕೆ ಹತ್ತಿರದವನು, ನಂಬತಕ್ಕವನು ಎಂಬ ಅರ್ಥಗಳಿವೆ. ನ್ಯಾಯದರ್ಶನವು ಆಪ್ತನ ಮಾತನ್ನು ಪ್ರಮಾಣವೆಂದೇ ಎಣಿಸುತ್ತದೆ. ಆದರೆ ಸಮಾಲೋಚಕರು ಮೊದಲಿಗೆ ಅಪರಿಚಿತರೇ. ಬೇರೆ ಜಾತಿ, ಬೇರೆ ಭಾಷೆ, ಬೇರೆ ಬದುಕಿನಿಂದ ಬಂದ ವ್ಯಕ್ತಿಗೆ ಅವರು ಆಪ್ತರಾಗುವುದು ಹೇಗೆ ಎಂಬುದೇ ಈ ಪಾಠದ ಪ್ರಶ್ನೆ.

ರೋಜರ್ಸ್: ಬದುಕಿನಿಂದ ಮೂಡಿದ ವಿಧಾನ

ವ್ಯಕ್ತಿಕೇಂದ್ರಿತ ಸಮಾಲೋಚನೆಯ ಪ್ರವರ್ತಕನಾದ ಕಾರ್ಲ್ ರೋಜರ್ಸ್ (1902–1987) ಅಮೆರಿಕದ ಕಟ್ಟುನಿಟ್ಟಾದ ಧಾರ್ಮಿಕ ಕುಟುಂಬದಲ್ಲಿ ಬೆಳೆದವನು. ಕೃಷಿಶಾಸ್ತ್ರ ಓದಲು ಕಾಲೇಜು ಸೇರಿ, ಬಳಿಕ ಧರ್ಮೋಪದೇಶಕನಾಗುವ ಕಡೆಗೆ ಒಲಿದನು. 1922ರಲ್ಲಿ ಕ್ರೈಸ್ತ ವಿದ್ಯಾರ್ಥಿಗಳ ಸಮ್ಮೇಳನಕ್ಕಾಗಿ ಕೈಗೊಂಡ ಚೀನಾ ಪ್ರವಾಸದಲ್ಲಿ, ಪ್ರಾಮಾಣಿಕರಾದವರು ಒಂದೇ ವಿಷಯದಲ್ಲಿ ತೀರ ಭಿನ್ನವಾದ ನಂಬಿಕೆಗಳನ್ನು ಹೊಂದಿರಬಹುದೆಂಬುದನ್ನು ಕಂಡನು. ತಂದೆತಾಯಿಯರ ಮತದಿಂದ ಅವನ ಆಲೋಚನೆ ಬೇರ್ಪಟ್ಟಿತು; ಮುಂದೆ ಮನೋವಿಜ್ಞಾನವೇ ಅವನ ಕ್ಷೇತ್ರವಾಯಿತು.

ರಾಚೆಸ್ಟರ್‌ನಲ್ಲಿ ಮಕ್ಕಳ ಸಮಸ್ಯೆಗಳನ್ನು ನೋಡಿಕೊಳ್ಳುತ್ತಿದ್ದಾಗ ನಡೆದ ಒಂದು ಪ್ರಸಂಗವನ್ನು ಅವನೇ ಬರೆದಿದ್ದಾನೆ. ಹುಡುಗನೊಬ್ಬನ ಪುಂಡಾಟಕ್ಕೆ ತಾಯಿಯ ತಿರಸ್ಕಾರವೇ ಕಾರಣವೆಂದು ತೀರ್ಮಾನಿಸಿ, ಅದನ್ನು ಆಕೆಗೆ ಮನಗಾಣಿಸಲು ಬಹುಕಾಲ ಯತ್ನಿಸಿ ಸೋತನು. ಇನ್ನು ಮುಂದುವರಿಸಿ ಫಲವಿಲ್ಲವೆಂದು ಇಬ್ಬರೂ ಒಪ್ಪಿದರು. ಬಾಗಿಲವರೆಗೆ ಹೋದ ತಾಯಿ ಹಿಂದಿರುಗಿ, ಇಲ್ಲಿ ದೊಡ್ಡವರಿಗೂ ಸಮಾಲೋಚನೆ ಉಂಟೇ ಎಂದು ಕೇಳಿದಳು. ಉಂಟೆಂದಾಗ ಕುಳಿತು ತನ್ನ ದಾಂಪತ್ಯದ ದುಃಖವನ್ನೆಲ್ಲ ತೋಡಿಕೊಂಡಳು. ನಿಜವಾದ ಚಿಕಿತ್ಸೆ ಆಗ ಆರಂಭವಾಯಿತು. ನೋವು ಎಲ್ಲಿದೆ ಎಂಬುದು ನೊಂದವರಿಗೇ ಗೊತ್ತು ಎಂಬ ತಿಳಿವು ರೋಜರ್ಸ್‌ಗೆ ದೊರೆತದ್ದು ಇಂತಹ ಸೋಲಿನಿಂದ. ಸಹಾನುಭೂತಿ, ಷರತ್ತಿಲ್ಲದ ಗೌರವ, ಒಳಗೂ ಹೊರಗೂ ಒಂದೇ ಆಗಿರುವ ಪ್ರಾಮಾಣಿಕತೆ ಎಂಬ ಅವನ ಮೂರು ತತ್ತ್ವಗಳಿಗೆ ಈ ಅನುಭವದ ಬೆಂಬಲವಿದೆ.

ಕನ್ನಡದ ಪರಂಪರೆ

ಕನ್ನಡದಲ್ಲಿ ಮನಸ್ಸಿನ ಆರೋಗ್ಯದ ಮಾತನ್ನು ಸಾಹಿತ್ಯದ ಅಂಗಳಕ್ಕೆ ತಂದವರಲ್ಲಿ ‘ಕೊರವಂಜಿ’ ಪತ್ರಿಕೆಯ ವೈದ್ಯ ಡಾ. ಎಂ. ಶಿವರಾಂ (ರಾಶಿ) ಮುಖ್ಯರು. ಅವರ ‘ಮನಮಂಥನ’ ಕೃತಿಗೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ನಿಮ್ಹಾನ್ಸ್ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರು ನೂರಾರು ಪುಸ್ತಕಗಳ ಮೂಲಕ ಈ ಜ್ಞಾನವನ್ನು ತಿಳಿಗನ್ನಡದಲ್ಲಿ ಹಂಚಿದರು. 2024ರಲ್ಲಿ ಪದ್ಮಶ್ರೀಗೆ ಪಾತ್ರರಾದರು. ಆಸ್ಪತ್ರೆಯ ಪರಿಭಾಷೆ ಮನೆಮಾತಾದಾಗಲೇ ನೊಂದವರು ನಾಚಿಕೆಯಿಲ್ಲದೆ ಬಾಯಿ ತೆರೆಯಬಲ್ಲರು ಎಂಬ ನಂಬಿಕೆ ಇಂತಹ ಬರವಣಿಗೆಯ ಹಿಂದಿದೆ.

ತನ್ನನ್ನು ತಾನೇ ಪರೀಕ್ಷಿಸಿಕೊಂಡ ನ್ಯಾಯಪೀಠ

ಕೇಳುವವರ ಹಿನ್ನೆಲೆಯೂ ಪರೀಕ್ಷೆಗೆ ಒಳಗಾಗಬೇಕೆಂಬುದಕ್ಕೆ ಮದರಾಸು ಉಚ್ಚ ನ್ಯಾಯಾಲಯವೇ ನಿದರ್ಶನ. 2021ರಲ್ಲಿ ಇಬ್ಬರು ಯುವತಿಯರು ಕುಟುಂಬದ ಒತ್ತಡದಿಂದ ರಕ್ಷಣೆ ಕೋರಿದಾಗ, ಸಲಿಂಗ ಸಂಬಂಧದ ಬಗ್ಗೆ ತಮಗೆ ಪೂರ್ಣ ತಿಳಿವಳಿಕೆ ಇಲ್ಲವೆಂದು ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರು ಆದೇಶದಲ್ಲಿಯೇ ಒಪ್ಪಿಕೊಂಡು, ಮನೋವಿಜ್ಞಾನಿಯೊಬ್ಬರ ಬಳಿ ಸ್ವತಃ ಸಮಾಲೋಚನೆಗೆ ಕುಳಿತರು. ಆ ವರ್ಷದ ಜೂನ್ 7ರ ಆದೇಶವು, ಲೈಂಗಿಕ ಒಲವನ್ನು ‘ಗುಣಪಡಿಸುವ’ ಯತ್ನಗಳನ್ನು ನಿಷೇಧಿಸಲು ನಿರ್ದೇಶಿಸಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಲಿಂಗ, ಲೈಂಗಿಕ ಒಲವು, ಧರ್ಮ, ಸಂಸ್ಕೃತಿ, ಜಾತಿ, ವರ್ಗ, ಅಂಗವೈಕಲ್ಯಗಳ ಭೇದವಿಲ್ಲದೆ ಸೇವೆ ದೊರೆಯಬೇಕೆನ್ನುತ್ತದೆ.

ಕೊಯಮತ್ತೂರು–ತಿರುಪ್ಪೂರಿನ ಕನ್ನಡ

ಅದೇ ಕಾಯ್ದೆ, ಚಿಕಿತ್ಸೆಯ ಮಾಹಿತಿಯನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕೆಂದೂ ವಿಧಿಸುತ್ತದೆ. ಈ ಮಾತು ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳಲ್ಲಿ ವಿಶೇಷ ಅರ್ಥ ಪಡೆಯುತ್ತದೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಯಲ್ಲಿಯೇ ಇತ್ತು. ಗಡಿ ಬದಲಾದರೂ ನೇಕಾರ ದೇವಾಂಗರೇ ಮೊದಲಾದ ಹಲವು ಸಮುದಾಯಗಳ ಮನೆಗಳಲ್ಲಿ ಕನ್ನಡ ಉಳಿದಿದೆ. ಇವರಲ್ಲಿ ಅನೇಕರ ಓದುಬರಹ ತಮಿಳು, ಮನೆಮಾತು ಕನ್ನಡ.

ಇಂತಹವರ ಸಂಕಟ ಯಾವ ಭಾಷೆಯಲ್ಲಿ ಹೊರಬರುತ್ತದೆ? ‘ಸಂಕಟ’ ಎಂಬ ಪದವನ್ನೇ ನೋಡಬಹುದು: ಅದು ಮನಸ್ಸಿನ ನೋವೂ ಹೌದು, ಹೊಟ್ಟೆಯ ತಳಮಳವೂ ಹೌದು. ‘ಬೇಜಾರು’ ಎಂದರೆ ಕನ್ನಡಿಗರಿಗೆ ದುಃಖ, ಬೇಸರ. ತಮಿಳಿನ ಆಡುಮಾತಿನಲ್ಲಿ ‘ಪೇಜಾರು’ ಎಂದರೆ ಕಿರಿಕಿರಿ, ಪೀಡೆ. ‘ಅತ್ತೆ ಸತ್ತಾಗಿನಿಂದ ಬೇಜಾರು’ ಎಂಬ ಮಾತನ್ನು ತಮಿಳಿನ ಕಿವಿಯಿಂದ ಕೇಳಿದವರು ಶೋಕವನ್ನು ದೂರೆಂದು ತಿಳಿದುಬಿಡಬಹುದು. ಒಂದು ಪದದ ತಪ್ಪು ಆಲಿಕೆಯಿಂದ ಒಬ್ಬರ ದುಃಖವೇ ಕಾಣದೆ ಹೋಗಬಹುದು. ಸಮಾಲೋಚಕರು ಕನ್ನಡ ಬಲ್ಲವರಾಗಿದ್ದರೆ ಲೇಸು. ಅಲ್ಲದಿದ್ದರೆ ‘ಆ ಮಾತಿನ ಅರ್ಥವೇನು, ನೀವೇ ಹೇಳಿ’ ಎಂದು ಕೇಳುವ ವಿನಯವಾದರೂ ಬೇಕು. 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ (14416) ಸಹಾಯವಾಣಿಯು ಭಾರತದ ಹಲವು ಭಾಷೆಗಳಲ್ಲಿ ಸೇವೆ ನೀಡುತ್ತಿರುವುದು ಈ ಅಗತ್ಯವನ್ನು ಮನಗಂಡೇ.

ಉಪಸಂಹಾರ

ಸಮಾಲೋಚಕರು ತಮ್ಮ ಹಿನ್ನೆಲೆಯನ್ನು ಬಾಗಿಲ ಹೊರಗೆ ಬಿಟ್ಟು ಬರಲಾರರು. ಅದು ತಮ್ಮೊಡನೆ ಇದೆಯೆಂಬ ಎಚ್ಚರವಿದ್ದರೆ ಅದೇ ಕಿವಿಯನ್ನು ಹಿಗ್ಗಿಸುತ್ತದೆ. ಎಚ್ಚರ ತಪ್ಪಿದರೆ ಅದೇ ಕಿವಿಯನ್ನು ಮುಚ್ಚುತ್ತದೆ. ಪದದ ವಾಚ್ಯಾರ್ಥವನ್ನು ದಾಟಿ ಧ್ವನಿಯನ್ನು ಹಿಡಿಯಲು ಕಲಿಯುವ ಸಾಹಿತ್ಯದ ವಿದ್ಯಾರ್ಥಿಗೆ ಈ ಕೆಲಸ ಅಪರಿಚಿತವಲ್ಲ.

ಅಭ್ಯಾಸ

1. ‘ಸಲಹೆ’ ಮತ್ತು ‘ಸಮಾಲೋಚನೆ’ ಪದಗಳ ಅರ್ಥವ್ಯತ್ಯಾಸವನ್ನು ರಾಚೆಸ್ಟರ್ ಪ್ರಸಂಗದ ಹಿನ್ನೆಲೆಯಲ್ಲಿ ವಿವರಿಸಿ.
2. ದೇಹಕ್ಕೂ ಮನಸ್ಸಿಗೂ ಸಮಾನವಾಗಿ ಬಳಕೆಯಾಗುವ ಐದು ಕನ್ನಡ ಪದಗಳನ್ನು ಪಟ್ಟಿಮಾಡಿ, ಒಂದೊಂದನ್ನೂ ಎರಡು ಅರ್ಥಗಳಲ್ಲಿ ಪ್ರಯೋಗಿಸಿ.
3. ನಿಮ್ಮ ಮನೆಮಾತಿನಲ್ಲಿ ಒಂದರ್ಥವೂ ನೆರೆಭಾಷೆಯಲ್ಲಿ ಬೇರೊಂದರ್ಥವೂ ಇರುವ ಪದಗಳನ್ನು ಹಿರಿಯರಿಂದ ಕೇಳಿ ಸಂಗ್ರಹಿಸಿ.