ಬಾಡಿಗೆ ಕಾರಿನಲ್ಲಿ ಕರಾವಳಿ: ರೇಖಾತ್ಮಕ ಸಮೀಕರಣಕ್ಕೊಂದು ಯೋಜನಾ ಪಾಠ

ಅಭ್ಯಾಸ ಬೋಧನೆಯ ದಿನಗಳಲ್ಲಿ ‘ಪ್ರವಾಸ ಯೋಜನೆ’ಯನ್ನು ಚಟುವಟಿಕೆಯಾಗಿ ಆರಿಸಿಕೊಳ್ಳುವ ಪ್ರಶಿಕ್ಷಣಾರ್ಥಿಗಳು ಪ್ರತಿ ವರ್ಷವೂ ಇದ್ದೇ ಇರುತ್ತಾರೆ. ಚಾರ್ಟ್ ತಯಾರಾಗುತ್ತದೆ, ಮುರುಡೇಶ್ವರದ ಶಿವ, ಮಲ್ಪೆಯ ದೋಣಿ, ಗೋಕರ್ಣದ ಕಡಲತೀರ ಅದರ ಮೇಲೆ ಬಂದು ಕೂರುತ್ತವೆ. ಗುಂಪುಗಳು ನೋಡಬೇಕಾದ ಸ್ಥಳಗಳ ಪಟ್ಟಿ ಮಾಡುತ್ತವೆ, ಗುಂಪಿನ ನಾಯಕ ಎದ್ದುನಿಂತು ಓದುತ್ತಾನೆ, ತರಗತಿ ಚಪ್ಪಾಳೆ ತಟ್ಟುತ್ತದೆ. ವೀಕ್ಷಣಾ ಪುಸ್ತಕದಲ್ಲಿ ‘ವಿದ್ಯಾರ್ಥಿಗಳ ಪಾಲ್ಗೊಳ್ಳುವಿಕೆ ಚೆನ್ನಾಗಿತ್ತು’ ಎಂದು ಬರೆಯುತ್ತೇವೆ. ಅದು ಸುಳ್ಳೂ ಅಲ್ಲ. ಆದರೆ ಪಾಠ ಗಣಿತದ್ದಾಗಿದ್ದರೆ, ಆ ಅವಧಿಯಲ್ಲಿ ಗಣಿತ ಎಲ್ಲಿತ್ತು ಎಂದು ಹುಡುಕಬೇಕಾಗುತ್ತದೆ.

ಹತ್ತು ಸ್ಥಳ ಬರೆದ ಗುಂಪು ಕೊನೆಗೆ ಹತ್ತನ್ನೂ ಉಳಿಸಿಕೊಂಡಿದ್ದರೆ ಅಲ್ಲಿ ಯೋಜನೆ ನಡೆದಿಲ್ಲವೆಂದೇ ಅರ್ಥ. ಸಮಯ, ದೂರ, ಹಣ ಒಂದಕ್ಕೊಂದು ಅಡ್ಡ ಬಂದು, ಯಾವುದನ್ನು ಬಿಡೋಣ ಎಂಬ ಜಗಳ ಗುಂಪಿನೊಳಗೆ ಹುಟ್ಟಬೇಕು. ಆಗ ಲೆಕ್ಕವನ್ನು ಶಿಕ್ಷಕರು ಕೊಡಬೇಕಾಗಿಲ್ಲ, ಮಕ್ಕಳೇ ಕೇಳುತ್ತಾರೆ. ಇಂಥ ಜಗಳ ಹುಟ್ಟುವಂತೆ ಪಾಠವನ್ನು ಹೇಗೆ ಕಟ್ಟಬಹುದು ಎಂಬುದನ್ನು ಮಂಗಳೂರು–ಕಾರವಾರ ರಸ್ತೆಯನ್ನು ಇಟ್ಟುಕೊಂಡು ಇಲ್ಲಿ ವಿವರಿಸಿದ್ದೇನೆ. ತರಗತಿ ಒಂಬತ್ತು, ಘಟಕ, ಎರಡು ಚರಾಕ್ಷರಗಳಿರುವ ರೇಖಾತ್ಮಕ ಸಮೀಕರಣಗಳು, ಅವಧಿ ಎರಡು. ನಕ್ಷೆಯ ಪ್ರಮಾಣ, ಸರಾಸರಿ ಜವ, ನಿರ್ದೇಶಾಂಕಗಳನ್ನು ಗುರುತಿಸುವುದು ಮಕ್ಕಳಿಗೆ ಗೊತ್ತಿರಬೇಕು. ಉಪಕರಣಗಳು: ಕರ್ನಾಟಕದ ರಸ್ತೆ ನಕ್ಷೆ, ನೂಲು, ಗ್ರಾಫ್ ಹಾಳೆ. ಚಾರ್ಟ್ ಬೇಕಾಗಿಲ್ಲ.

ಸನ್ನಿವೇಶ

ಬಯಲುಸೀಮೆಯ ಒಂದು ಕುಟುಂಬ, ಐದು ಜನ. ಡಿಸೆಂಬರ್ ರಜೆಯಲ್ಲಿ ರೈಲಿನಲ್ಲಿ ಮಂಗಳೂರಿಗೆ ಬಂದು, ಅಲ್ಲಿ ಕಾರು ಬಾಡಿಗೆಗೆ ಹಿಡಿದು, ಮೂರು ದಿನ ಕರಾವಳಿ ನೋಡಿ, ಕಾರನ್ನು ಮಂಗಳೂರಿನಲ್ಲೇ ಒಪ್ಪಿಸಿ ಮರಳಬೇಕು. ಟೋಲ್ ಬಿಟ್ಟು ಕಾರಿನ ಖರ್ಚು 12,000 ರೂಪಾಯಿ ಮೀರಬಾರದು. ಕತ್ತಲಾದ ಮೇಲೆ ಕಾರು ಓಡಿಸುವಂತಿಲ್ಲ.

ಇಷ್ಟನ್ನೇ ಹೇಳಿ ನಿಲ್ಲಿಸಬೇಕು. ಪೀಠಿಕೆಯಲ್ಲಿ ‘ನಿಮಗೆ ಸಮುದ್ರ ಇಷ್ಟವೇ?’ ಎಂಬಂಥ ಪ್ರಶ್ನೆಗಳಿಗೆ ಹತ್ತು ನಿಮಿಷ ಕೊಡುವುದು ವ್ಯರ್ಥ. ಎಲ್ಲರಿಗೂ ಇಷ್ಟವೇ.

ದೂರದ ಕೆಲಸ

ಮಕ್ಕಳು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ನೂಲು ಇಟ್ಟು ಅಳೆಯಲಿ. ಈ ಹೆದ್ದಾರಿ ಮಹಾರಾಷ್ಟ್ರದ ಪನ್ವೇಲಿನಿಂದ ಕನ್ಯಾಕುಮಾರಿಯವರೆಗೆ ಸಾಗುತ್ತದೆ. ಹಿರಿಯರ ಬಾಯಲ್ಲಿ ಇದು ಇನ್ನೂ ‘ಹದಿನೇಳು’. ಅಳತೆಯ ಬಳಿಕ ಸುಮಾರು ದೂರಗಳನ್ನು ಕಪ್ಪುಹಲಗೆಯ ಮೇಲೆ ಬರೆಯಬಹುದು: ಮಂಗಳೂರು–ಉಡುಪಿ 58 ಕಿ.ಮೀ., ಉಡುಪಿ–ಕುಂದಾಪುರ 37, ಕುಂದಾಪುರ–ಭಟ್ಕಳ 52, ಭಟ್ಕಳ–ಹೊನ್ನಾವರ 40, ಹೊನ್ನಾವರ–ಕುಮಟಾ 20, ಕುಮಟಾ–ಅಂಕೋಲಾ 33, ಅಂಕೋಲಾ–ಕಾರವಾರ 34. ಒಟ್ಟು ಹತ್ತಿರಹತ್ತಿರ 270 ಕಿ.ಮೀ. ನೂಲಿನ ಅಳತೆ ಇದಕ್ಕಿಂತ ಕಡಿಮೆ ಬರುವುದು ಖಂಡಿತ. ಏಕೆ ಎಂದು ಕೇಳಿ. ನಕ್ಷೆಯಲ್ಲಿ ನೇರವಾಗಿ ಕಾಣುವ ಗೆರೆ ನೆಲದ ಮೇಲೆ ತಿರುವುಗಳಿಂದ ತುಂಬಿದೆ ಎಂಬುದು ಮಕ್ಕಳ ಬಾಯಿಂದಲೇ ಬರುತ್ತದೆ.

ಇಲ್ಲಿ ಮೊದಲನೆಯ ದೊಡ್ಡ ಎಡವಟ್ಟು ಕಾದಿರುತ್ತದೆ. ಬಹುತೇಕ ಗುಂಪುಗಳು 270ನ್ನೇ ಪ್ರವಾಸದ ದೂರವೆಂದು ಹಿಡಿಯುತ್ತವೆ. ರೈಲಿನಲ್ಲಾದರೆ ಕಾರವಾರದಿಂದಲೇ ಬೇರೆ ದಾರಿ ಹಿಡಿಯಬಹುದಿತ್ತು. ಬಾಡಿಗೆ ಕಾರನ್ನು ಪಡೆದ ಜಾಗಕ್ಕೆ ಒಪ್ಪಿಸಬೇಕು. ಆದ್ದರಿಂದ ದೂರ 540. ಗೋಕರ್ಣ ಹೆದ್ದಾರಿಯಿಂದ ಸುಮಾರು 10 ಕಿ.ಮೀ. ಒಳಗಿದೆ, ಅದಕ್ಕೆ ಹೋಗಿಬರಲು 20. ಊರೊಳಗಿನ ಓಡಾಟಕ್ಕೆ ಇನ್ನೊಂದು 10 ಸೇರಿಸಿದರೆ 570. ಪ್ರಶಿಕ್ಷಣಾರ್ಥಿಗಳು ಇದನ್ನು ಮೊದಲೇ ಹೇಳಿಬಿಡಬಾರದು. ‘ಕಾರು ಯಾರದ್ದು?’ ಎಂಬ ಒಂದೇ ಪ್ರಶ್ನೆ ಸಾಕು.

ಸಮಯ, ದಿಕ್ಕು, ಋತು

‘ಸರ್, ಎಂಬತ್ತರಲ್ಲಿ ಹೋದರೆ ಮೂರೂವರೆ ಗಂಟೆ ಸಾಕು’ ಎನ್ನುವ ಹುಡುಗ ಪ್ರತಿ ತರಗತಿಯಲ್ಲಿಯೂ ಇರುತ್ತಾನೆ. ಅವನ ಭಾಗಾಕಾರ ಸರಿ. ಗರಿಷ್ಠ ವೇಗವನ್ನೇ ಸರಾಸರಿ ಎಂದುಕೊಂಡದ್ದು ತಪ್ಪು. ಊರುಗಳು, ಸೇತುವೆಗಳು, ಬಸ್ಸುಗಳು, ಹೆಜಮಾಡಿ, ಸಾಸ್ತಾನದಂಥ ಟೋಲ್ ನಾಕೆಗಳು, ಎಳನೀರಿಗೆ ನಿಲ್ಲುವುದು ಎಲ್ಲ ಸೇರಿ ಗಂಟೆಗೆ 45 ಕಿ.ಮೀ. ಸರಾಸರಿ ಹಿಡಿಯುವುದು ಕ್ಷೇಮ. ಆಗ ಮಂಗಳೂರು–ಕಾರವಾರ ಆರು ಗಂಟೆ. ಡಿಸೆಂಬರಿನಲ್ಲಿ ಸೂರ್ಯ ಮುಳುಗುವುದು ಸಂಜೆ ಆರರ ಆಸುಪಾಸಿನಲ್ಲಿ. ಬೆಳಿಗ್ಗೆ ಎಂಟಕ್ಕೆ ಹೊರಟರೆ ಸಿಗುವ ಹತ್ತು ಗಂಟೆಯಲ್ಲಿ ಪ್ರಯಾಣಕ್ಕೆಷ್ಟು, ನೋಡುವುದಕ್ಕೆಷ್ಟು ಎಂದು ಮಕ್ಕಳು ಹಂಚಿಕೊಳ್ಳಲಿ. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗಿ ಆ ಕಂಬದಾಕಾರದ ಬಂಡೆಗಳನ್ನು ನೋಡಿ ಬರುವುದೆಂದರೆ ಮೂರು ಗಂಟೆ ಹೋಯಿತು. ಮೊದಲ ದಿನ ಮುರುಡೇಶ್ವರ, ಎರಡನೆಯ ದಿನ ಗೋಕರ್ಣ ಮುಗಿಸಿ ಕಾರವಾರ ಎಂದು ಬರೆದ ಗುಂಪು ಮೂರನೆಯ ದಿನಕ್ಕೆ ಬಂದಾಗ ಬೆಚ್ಚುತ್ತದೆ: ಆ ದಿನದ ಆರು ಗಂಟೆ ವಾಪಸು ಬರುವುದಕ್ಕೇ ಮೀಸಲು.

ದಿಕ್ಕಿನ ಬಗ್ಗೆ ಒಂದು ಸಣ್ಣ ಪ್ರಶ್ನೆ ಕೇಳಬಹುದು: ನಿಲ್ಲಬೇಕಾದ ತಾಣಗಳನ್ನು ಹೋಗುವಾಗ ಇಟ್ಟುಕೊಳ್ಳಬೇಕೋ, ಬರುವಾಗಲೋ? ನಮ್ಮಲ್ಲಿ ವಾಹನ ರಸ್ತೆಯ ಎಡಬದಿಯಲ್ಲಿ ಸಾಗುತ್ತದೆ. ಉತ್ತರಕ್ಕೆ ಹೊರಟರೆ ಸಮುದ್ರವೂ ಎಡಕ್ಕೆ. ಮರವಂತೆಯಂಥ ಕಡೆ, ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ ಇರುವಲ್ಲಿ, ಹೋಗುವಾಗ ಕಡಲ ಬದಿಗೇ ನಿಲ್ಲಿಸಬಹುದು. ಬರುವಾಗ ನಿಲ್ಲಿಸಿದರೆ ಮಕ್ಕಳನ್ನು ಕರೆದುಕೊಂಡು ಹೆದ್ದಾರಿ ದಾಟಬೇಕು. ಇದಕ್ಕೆ ಸೂತ್ರವಿಲ್ಲ, ಆದರೆ ನಕ್ಷೆ ಓದುವ ಕೆಲಸದಲ್ಲಿ ನನಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಹೊಳೆದಿಲ್ಲ.

ಡಿಸೆಂಬರನ್ನು ಸುಮ್ಮನೆ ಆರಿಸಿದ್ದಲ್ಲ. ಯಾವುದಾದರೂ ಗುಂಪು ‘ಮಳೆಗಾಲದಲ್ಲಿ ಹಸಿರು ಚೆನ್ನಾಗಿರುತ್ತದೆ’ ಎಂದರೆ ಅದನ್ನು ತಳ್ಳಿಹಾಕದೆ ಚರ್ಚೆಗೆ ತನ್ನಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಇದೇ ಹೆದ್ದಾರಿಯ ಮೇಲೆ ಬಿತ್ತು, ಪ್ರಾಣಹಾನಿಯಾಯಿತು. ಅದೇ ವರ್ಷ ಆಗಸ್ಟ್ 7ರಂದು ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. (ಬೈಂದೂರಿನ ಬಳಿಯೂ ಒಂದು ಶಿರೂರು ಇದೆ, ನಕ್ಷೆಯಲ್ಲಿ ಮಕ್ಕಳು ಎರಡನ್ನೂ ಗುರುತಿಸಲಿ.) ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲ್ಪೆಯ ದೋಣಿಯೂ ಇಲ್ಲ. ಋತುವನ್ನು ಸಮಾಜವಿಜ್ಞಾನದವರಿಗೆ ಬಿಡೋಣ ಎನ್ನುವಂತಿಲ್ಲ, ಅದು ಈ ಯೋಜನೆಯ ಮೊದಲ ಷರತ್ತು.

ವೆಚ್ಚ: ಪಾಠದ ನಡುಮನೆ

ಎರಡನೆಯ ಅವಧಿ ಪೂರ್ತಿ ಇದಕ್ಕೆ. ಎರಡು ಆಯ್ಕೆಗಳನ್ನು ಕೊಡಿ. ದರಗಳು ಪಾಠಕ್ಕಾಗಿ ಇಟ್ಟುಕೊಂಡವು.

ಒಂದನೆಯದು, ನಾವೇ ಓಡಿಸುವ ಕಾರು. ದಿನಕ್ಕೆ 2,500 ರೂಪಾಯಿ, ಕಿಲೋಮೀಟರ್ ಮಿತಿ ಇಲ್ಲ, ಪೆಟ್ರೋಲ್ ನಮ್ಮದು. ಲೀಟರಿಗೆ 105 ರೂಪಾಯಿ, ಲೀಟರಿಗೆ 15 ಕಿ.ಮೀ. ಓಡುತ್ತದೆ. 5,000 ರೂಪಾಯಿ ಠೇವಣಿ ಇಡಬೇಕು.

ಎರಡನೆಯದು, ಡ್ರೈವರ್ ಇರುವ ಟ್ಯಾಕ್ಸಿ. ಕಿಲೋಮೀಟರಿಗೆ 14 ರೂಪಾಯಿ, ಪೆಟ್ರೋಲ್ ಅವರದೇ. ಆದರೆ ಓಡಲಿ ಬಿಡಲಿ, ದಿನಕ್ಕೆ ಕನಿಷ್ಠ 250 ಕಿ.ಮೀ. ಲೆಕ್ಕ. ಡ್ರೈವರ್ ಬಾಟಾ ದಿನಕ್ಕೆ 400.

ಮೊದಲು ಮಾತಿನ ಸಮೀಕರಣ ಬರಲಿ. ಒಂದನೆಯದಕ್ಕೆ: ವೆಚ್ಚ = 7,500 + 7 × ದೂರ. ಪಠ್ಯದ ಚರಾಕ್ಷರಗಳಿಗೆ ಆಮೇಲೆ ದಾಟಬಹುದು. ಇಲ್ಲಿ ಅನೇಕ ಮಕ್ಕಳು 7,500ಕ್ಕೆ ಠೇವಣಿಯ 5,000ವನ್ನೂ ಕೂಡಿಸುತ್ತಾರೆ. ಅದು ಹಿಂದಕ್ಕೆ ಬರುವ ಹಣ. ಕೈಯಲ್ಲಿ ಇರಬೇಕಾದ ಹಣ ಬೇರೆ, ಖರ್ಚಾಗುವ ಹಣ ಬೇರೆ ಎಂಬ ತಿಳಿವಳಿಕೆ ಈ ತಪ್ಪಿನಿಂದಲೇ ಸಿಗುವುದರಿಂದ ಠೇವಣಿಯನ್ನು ಪ್ರಶ್ನೆಯಲ್ಲಿ ಬೇಕೆಂದೇ ಉಳಿಸಿದ್ದೇನೆ. ಟೋಲ್ ಎರಡು ಆಯ್ಕೆಗೂ ಒಂದೇ. ಅದು ಹೋಲಿಕೆಯನ್ನು ಬದಲಿಸುವುದಿಲ್ಲ ಎಂದು ಯಾರಾದರೂ ತಾವಾಗಿ ಹೇಳಿದರೆ ಅವರಿಗೆ ಸ್ಥಿರಪದದ ಅರ್ಥ ಆಗಿದೆ.

ಎರಡನೆಯದು ಒಂದೇ ಸಮೀಕರಣದಲ್ಲಿ ಹಿಡಿಯುವುದಿಲ್ಲ. ಮೂರು ದಿನಕ್ಕೆ ಕನಿಷ್ಠ 750 ಕಿ.ಮೀ., ಅಂದರೆ 10,500 ರೂಪಾಯಿ, ಬಾಟಾ 1,200, ಒಟ್ಟು 11,700. 750 ಕಿ.ಮೀ. ತನಕ ಎಷ್ಟು ಓಡಿದರೂ ಇಷ್ಟೇ. ಅದನ್ನು ದಾಟಿದ ಮೇಲೆ ವೆಚ್ಚ = 1,200 + 14 × ದೂರ. ಗ್ರಾಫಿನಲ್ಲಿ ಇದು ಮೊದಲು ಮಲಗಿದ ಗೆರೆ, 750ರಲ್ಲಿ ಮುರಿದು ಮೇಲಕ್ಕೇರುತ್ತದೆ. ಒಂದನೆಯ ಆಯ್ಕೆಯ ನೇರ ಗೆರೆ ಇದನ್ನು ಎರಡು ಕಡೆ ಕತ್ತರಿಸುತ್ತದೆ: 600 ಕಿ.ಮೀ.ನಲ್ಲಿ ಎರಡೂ 11,700; 900 ಕಿ.ಮೀ.ನಲ್ಲಿ ಎರಡೂ 13,800. ಅಂದರೆ 600ಕ್ಕಿಂತ ಕಡಿಮೆ ಓಡಿದರೆ ನಾವೇ ಓಡಿಸುವುದು ಅಗ್ಗ, 600ರಿಂದ 900ರ ನಡುವೆ ಟ್ಯಾಕ್ಸಿ ಅಗ್ಗ, 900 ದಾಟಿದರೆ ಮತ್ತೆ ನಮ್ಮದೇ. ‘ಯಾವುದು ಅಗ್ಗ?’ ಎಂಬ ಪ್ರಶ್ನೆಗೆ ‘ಎಷ್ಟು ದೂರ ಹೋಗುತ್ತೀರಿ?’ ಎಂಬ ಮರುಪ್ರಶ್ನೆಯೇ ಉತ್ತರ ಎಂಬುದನ್ನು ಈ ಚಿತ್ರ ತೋರಿಸಿಕೊಡುವಷ್ಟು ಚೆನ್ನಾಗಿ ನಮ್ಮ ವಿವರಣೆ ತೋರಿಸಲಾರದು.

ಈಗ 570ನ್ನು ಇಟ್ಟು ನೋಡಿ. ನಾವೇ ಓಡಿಸಿದರೆ 11,490, ಟ್ಯಾಕ್ಸಿ 11,700. ಅಂತರ 210 ರೂಪಾಯಿ. ಅಷ್ಟರಲ್ಲಿ ಯಾರಾದರೂ ಜೋಗ ಕೇಳಿಯೇ ಕೇಳುತ್ತಾರೆ. ಹೊನ್ನಾವರದಿಂದ ಜೋಗ ಸುಮಾರು 60 ಕಿ.ಮೀ.; ಹೋಗಿಬರಲು 120 ಸೇರಿದರೆ 690. ನಾವೇ ಓಡಿಸಿದರೆ 12,330, ಬಜೆಟ್ ಮೀರಿತು. ಟ್ಯಾಕ್ಸಿಯಾದರೆ ಅದೇ 11,700. ಜೋಗ ಬೇಕೆಂದರೆ ಟ್ಯಾಕ್ಸಿಗೆ ಬದಲಾಗಬೇಕು. ಜೊತೆಗೆ ಘಟ್ಟದ ದಾರಿಗೆ ಮೂರು ಗಂಟೆ ಹುಡುಕಬೇಕು. ಡಿಸೆಂಬರಿನಲ್ಲಿ ಅಲ್ಲಿ ನೀರು ಎಷ್ಟಿರುತ್ತದೆ, ಲಿಂಗನಮಕ್ಕಿ ಅಣೆಕಟ್ಟಿಗೂ ಅದಕ್ಕೂ ಏನು ಸಂಬಂಧ ಎಂದೂ ಯೋಚಿಸಬೇಕು. ಇನ್ನೊಂದು ಗುಂಪು ಕಾರವಾರವನ್ನೇ ಬಿಟ್ಟು ಗೋಕರ್ಣದಿಂದ ಹಿಂತಿರುಗಬಹುದು. ಆಗ ದೂರ ಸುಮಾರು 475, ವೆಚ್ಚ 10,825, ಮೂರನೆಯ ದಿನ ಮಿರ್ಜಾನ್ ಕೋಟೆಗೂ ಕಾಸರಕೋಡಿನ ಕಡಲತೀರಕ್ಕೂ ಬಿಡುವು. ಎರಡು ಗುಂಪೂ ಸರಿ. ಯಾವುದು ಉತ್ತಮ ಎಂದು ಪ್ರಶಿಕ್ಷಣಾರ್ಥಿ ತೀರ್ಪು ಕೊಡಬೇಕಾಗಿಲ್ಲ, ಕಾರಣವನ್ನು ಸಂಖ್ಯೆಯಲ್ಲಿ ಕೇಳಿದರೆ ಸಾಕು.

ದರಗಳನ್ನು ನಿಮ್ಮ ಊರಿನವುಗಳಿಗೆ ಬದಲಿಸಿಕೊಳ್ಳುವುದು ಒಳ್ಳೆಯದೇ. ಬದಲಿಸುವಾಗ ಒಂದನ್ನು ಗಮನಿಸಿ: ಗೆರೆಗಳು ಕತ್ತರಿಸುವ ಬಿಂದು ಮಕ್ಕಳು ನಿಜವಾಗಿ ಯೋಜಿಸುವ ದೂರದ ಹತ್ತಿರವೇ ಬೀಳಬೇಕು. ಅದು 150 ಕಿ.ಮೀ.ನಲ್ಲೋ 2,000 ಕಿ.ಮೀ.ನಲ್ಲೋ ಬಿದ್ದರೆ ಒಂದು ಆಯ್ಕೆ ಸದಾ ಗೆಲ್ಲುತ್ತದೆ, ಗ್ರಾಫ್ ಅಲಂಕಾರವಾಗುತ್ತದೆ. ಪಾಠಯೋಜನೆಯ ನಮೂನೆಯಲ್ಲಿ ‘ಸಂಖ್ಯೆಗಳ ಆಯ್ಕೆ’ ಎಂಬ ಅಂಕಣವೇ ಇಲ್ಲದಿರುವುದು ನನಗೆ ಸೋಜಿಗ.

ಒಂದು ಆಕ್ಷೇಪ

ಕಾರಿನಲ್ಲಿ ಪ್ರವಾಸ ಹೋಗುವುದು ಸರ್ಕಾರಿ ಶಾಲೆಯ ಎಷ್ಟು ಮಕ್ಕಳಿಗೆ ಸಾಧ್ಯ, ಇದು ಅವರ ಬದುಕಿನ ಲೆಕ್ಕವೇ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಕೇಳಬೇಕಾದದ್ದೇ. ಆದರೆ ಕಾರಿನ ಹಿಂದಿನ ಸೀಟಿನಲ್ಲಿ ಕೂರುವವರ ಮಕ್ಕಳಿಗಿಂತ, ಮುಂದೆ ಕೂತು ಓಡಿಸುವವರ ಮಕ್ಕಳು ನಮ್ಮ ಶಾಲೆಗಳಲ್ಲಿ ಹೆಚ್ಚು. ತಂದೆಯೋ ಮಾವನೋ ಟ್ಯಾಕ್ಸಿ ಓಡಿಸುವ ಒಬ್ಬ ಹುಡುಗಿ ತರಗತಿಯಲ್ಲಿದ್ದರೆ, ಬಾಟಾ ಏಕೆ ಕೊಡುತ್ತಾರೆ, ಕಿಲೋಮೀಟರನ್ನು ಹತ್ತಿದಲ್ಲಿಂದ ಎಣಿಸುತ್ತಾರೋ ಗಾಡಿ ಶೆಡ್ಡಿನಿಂದ ಹೊರಟಲ್ಲಿಂದಲೋ, ಕನಿಷ್ಠ 250 ಏಕೆ ಎಂಬುದನ್ನು ಅವಳೇ ವಿವರಿಸಲಿ. ದಿನವಿಡೀ ಗಾಡಿ ಬೇರೆ ಬಾಡಿಗೆಗೆ ಸಿಗದೆ ನಿಂತರೆ ಆ ಮನೆಗೆ ಏನಾಗುತ್ತದೆ ಎಂಬ ಮಾತು ಅಲ್ಲಿ ಬಂದರೆ, ಗ್ರಾಫಿನ ಆ ಮಲಗಿದ ಗೆರೆಗೆ ಒಂದು ಮುಖ ಬರುತ್ತದೆ. ಅಂಥ ಮಗು ಇದೆಯೇ ಎಂದು ತರಗತಿ ಶಿಕ್ಷಕರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಆ ಮಗುವಿನ ಒಪ್ಪಿಗೆಯನ್ನೂ ಕೇಳಿ. ಎಲ್ಲರೆದುರು ದಿಢೀರನೆ ಎಬ್ಬಿಸಬೇಡಿ.

ಮೌಲ್ಯಮಾಪನ ಮತ್ತು ವೀಕ್ಷಣೆ

ಕೊನೆಯಲ್ಲಿ ಪ್ರತಿ ಗುಂಪು ಅರ್ಧ ಪುಟ ಬರೆಯಲಿ: ಬಿಟ್ಟ ಸ್ಥಳ, ಬಿಟ್ಟ ಕಾರಣ, ಆ ಕಾರಣವನ್ನು ಹೇಳುವ ಸಂಖ್ಯೆ. ನೋಡುವ ಸ್ಥಳಗಳ ಪಟ್ಟಿಗೆ ಅಂಕವಿಲ್ಲ ಎಂದು ಮೊದಲೇ ತಿಳಿಸಿರಬೇಕು. ಬಿಡಿಯಾಗಿ ಒಂದು ಪ್ರಶ್ನೆ ಸಾಕು: ‘ಪೆಟ್ರೋಲ್ ಬೆಲೆ ಏರಿದರೆ ಯಾವ ಗೆರೆ ಬದಲಾಗುತ್ತದೆ? 600ರ ಛೇದನ ಬಿಂದು ಎಡಕ್ಕೆ ಸರಿಯುತ್ತದೋ ಬಲಕ್ಕೋ?’ ಲೆಕ್ಕ ಮಾಡದೆ, ಓರೆ ಹೆಚ್ಚುತ್ತದೆ, ಆದ್ದರಿಂದ ಬಿಂದು ಎಡಕ್ಕೆ ಎಂದು ಹೇಳಿದ ಮಗು ಘಟಕವನ್ನು ಕಲಿತಿದೆ. ಚುರುಕಾದ ಗುಂಪಿಗೆ ನಾವೇ ಓಡಿಸುವ ಕಾರಿಗೂ ದಿನಕ್ಕೆ 200 ಕಿ.ಮೀ. ಮಿತಿ ಹಾಕಿ, ಮೀರಿದರೆ ಕಿಲೋಮೀಟರಿಗೆ 10 ರೂಪಾಯಿ ಹೆಚ್ಚುವರಿ ಎಂದು ಕೊಡಿ. ಆಗ ಆ ಗೆರೆಯೂ ಸರಿಯಾಗಿ 600ರಲ್ಲೇ ಮುರಿಯುತ್ತದೆ. ಮುಂದೆ ಏನಾಗುತ್ತದೆ ಎಂದು ಅವರೇ ಎಳೆದು ನೋಡಲಿ.

ಸಹಪಾಠಿಗಳ ಪಾಠ ವೀಕ್ಷಿಸುವವರು ‘ಶಿಕ್ಷಕರ ಧ್ವನಿ, ಕಪ್ಪುಹಲಗೆ ಬಳಕೆ’ ಜೊತೆಗೆ ಇನ್ನೆರಡನ್ನು ಗುರುತು ಹಾಕಿಕೊಳ್ಳಲಿ: ಗುಂಪು ತಾನು ಮೊದಲು ಬರೆದದ್ದನ್ನು ಎಷ್ಟು ಸಲ ಹೊಡೆದುಹಾಕಿತು, ಪ್ರತಿ ಸಲವೂ ಅದಕ್ಕೆ ಕಾರಣ ಲೆಕ್ಕವಾಗಿತ್ತೋ, ಶಿಕ್ಷಕರ ಮುಖಭಾವವಾಗಿತ್ತೋ.

ಮನೆಗೆಲಸಕ್ಕೆ: ರಸ್ತೆಯಲ್ಲಿ ಕಾಣುವ ಕಾರುಗಳ ನಂಬರ್ ಪ್ಲೇಟ್ ಗಮನಿಸುವುದು. ಹಳದಿ ಹಲಗೆಯಲ್ಲಿ ಕಪ್ಪು ಅಕ್ಷರವಿದ್ದರೆ ಟ್ಯಾಕ್ಸಿ. ಕಪ್ಪು ಹಲಗೆಯಲ್ಲಿ ಹಳದಿ ಅಕ್ಷರವಿದ್ದರೆ ನಾವೇ ಓಡಿಸಲು ಬಾಡಿಗೆಗೆ ಕೊಡುವ ಕಾರು. ಬಿಳಿ ಹಲಗೆಯಲ್ಲಿ ಕಪ್ಪು ಅಕ್ಷರದ್ದು ಸ್ವಂತದ ಕಾರು, ಅದನ್ನು ಬಾಡಿಗೆಗೆ ಕೊಡುವಂತಿಲ್ಲ. ಕಡಿಮೆ ದರಕ್ಕೆ ಬಿಳಿ ಪ್ಲೇಟಿನ ಕಾರು ಸಿಗುತ್ತದೆಂದು ಯಾವುದಾದರೂ ಗುಂಪು ಮೂರನೆಯ ಆಯ್ಕೆ ತಂದರೆ, ಅಪಘಾತವಾದಾಗ ವಿಮೆಯ ಗತಿ ಏನು ಎಂಬ ಪ್ರಶ್ನೆಯೊಂದಿಗೆ ಅದನ್ನು ಮುಂದಿನ ಅವಧಿಗೆ ತೆಗೆದುಕೊಳ್ಳಬಹುದು.