ಹೆದರಿಕೆಗೆ ಕೊಂಡ ಚಾಕುವಿನಲ್ಲಿ ಹಣ್ಣು ಹೆಚ್ಚಬೇಡ

ಪ್ರೀತಿಯ ಪುಟ್ಟಿಗೆ,

ನಿನ್ನ ಹೆಸರು ಬರೆಯುವುದಿಲ್ಲ, ಗಾಬರಿಯಾಗಬೇಡ. ಈ ಪತ್ರವನ್ನು ಪತ್ರಿಕೆಗೆ ಯಾಕೆ ಕಳಿಸುತ್ತಿದ್ದೇನೆ ಎಂದರೆ, ನಿನ್ನ ಗೆಳತಿಯರ ಬ್ಯಾಗಿನಲ್ಲೂ ನೀನು ಕೊಂಡಂಥದೇ ಚಾಕು ಇದೆಯೆಂದು ನೀನೇ ಹೇಳಿದೆ. ಅವರೂ ಓದಲಿ, ಅವರ ಅಪ್ಪ ಅಮ್ಮಂದಿರೂ ಓದಲಿ.

ನಮ್ಮನೆಗೆ ಬಂದಾಗ ನೀನು ತೋರಿಸಿದ ಚಾಕು ಕಪ್ಪು ಬಣ್ಣ, ಮಡಚಿದರೆ ಅಂಗೈಯಲ್ಲಿ ಅಡಗುತ್ತದೆ, ಹೆಬ್ಬೆರಳಿನಿಂದ ಒಂದು ಸಲ ತಳ್ಳಿದರೆ ಒಳಗಿನ ಸ್ಪ್ರಿಂಗು ಟಪ್ಪನೆ ಬಿಚ್ಚಿಕೊಡುತ್ತದೆ. "ಅತ್ತೆ, ಸೆಲ್ಫ್ ಡಿಫೆನ್ಸಿಗೂ ಆಯ್ತು, ಪಾರ್ಸೆಲ್ ಬಿಚ್ಚೋಕೂ, ಹಣ್ಣು ಹೆಚ್ಚೋಕೂ ಆಯ್ತು" ಎಂದೆ. ಅಂದು ನಿನ್ನಮ್ಮ ಎದುರಿಗಿದ್ದಳು, ನಾನು ಬಾಯಿ ತೆರೆಯಲಿಲ್ಲ. ಆಮೇಲೆ ನಿದ್ದೆ ಬರಲಿಲ್ಲ. ಎರಡು ಕಡೆಯನ್ನೂ ತೂಗಿ ಬರೆಯುತ್ತೇನೆ, ತೀರ್ಮಾನ ನಿನ್ನದು.

ನಾನು ಬೈಂಡಿಂಗ್ ಮಾಡುವವರ ಮನೆಯಲ್ಲಿ ಹುಟ್ಟಿದವಳು. ನಿನ್ನ ತಾತನಿಗೆ ಚಾಮರಾಜಪೇಟೆಯಲ್ಲಿ ಒಂದು ಕೋಣೆಯ ಅಂಗಡಿಯಿತ್ತು. 1915ರಲ್ಲಿ ಶುರುವಾದ ಸಾಹಿತ್ಯ ಪರಿಷತ್ತು ಅದೇ ಪೇಟೆಯಲ್ಲಿ ನೆಲೆಯಾಗಿತ್ತು, ಸುತ್ತಮುತ್ತ ಅಚ್ಚುಕೂಟಗಳಿದ್ದವು, ಅಲ್ಲಿಂದ ಅಚ್ಚಾದ ಫಾರಂಗಳು ಕಟ್ಟುಕಟ್ಟಾಗಿ ಬರುತ್ತಿದ್ದವು. ಅಪ್ಪ ಚಾಕುಗಳನ್ನು ಅಂಗಡಿಯಲ್ಲಿ ಕೊಂಡದ್ದನ್ನು ನಾನು ನೋಡಿಲ್ಲ. ಮುರಿದ ಹ್ಯಾಕ್ಸಾ ಬ್ಲೇಡನ್ನು ಓರೆಯಾಗಿ ಉಜ್ಜಿ ಬಾಯಿ ತೆಗೆಯುತ್ತಿದ್ದರು, ಹಿಡಿಯ ಕಡೆ ಕ್ಯಾಲಿಕೋ ಬಟ್ಟೆ ಸುತ್ತಿ ಮೇಣ ಹಚ್ಚಿದ ದಾರದಿಂದ ಬಿಗಿಯುತ್ತಿದ್ದರು. ರಟ್ಟು ಕೊಯ್ಯಲು ಒಂದು, ಕಾಗದಕ್ಕೆ ಒಂದು, ಚರ್ಮದ ಅಂಚು ಹೆರೆದು ತೆಳುಮಾಡಲು ಅಗಲ ಬಾಯಿಯದು ಇನ್ನೊಂದು. ಮಹಾನವಮಿಯ ದಿನ ಅವೆಲ್ಲ ಅಮ್ಮನ ಈಳಿಗೆಮಣೆಯ ಜೊತೆ ಸಾಲಾಗಿ ಕುಂಕುಮ ಹಚ್ಚಿಸಿಕೊಂಡು ಕೂರುತ್ತಿದ್ದವು. ಉಳಿದ ದಿನಗಳಲ್ಲಿ ಒಂದರ ಜಾಗಕ್ಕೆ ಇನ್ನೊಂದು ಹೋಗುವಂತಿರಲಿಲ್ಲ.

ಒಮ್ಮೆ ನಿನ್ನಪ್ಪ, ಆಗ ಸಣ್ಣ ಹುಡುಗ, ಕಾಗದದ ಚಾಕುವಿನಲ್ಲಿ ಸೀಬೆಹಣ್ಣು ಕೊಯ್ದ. ಅಪ್ಪ ಹಣ್ಣು ಕಿತ್ತುಕೊಂಡು ಬೀದಿಗೆ ಎಸೆದರು. ಜಿಪುಣತನದಿಂದಲ್ಲ. ಬೈಂಡಿಂಗಿನ ಮೈದಾ ಅಂಟಿಗೆ ಹುಳು ಹಿಡಿಯದಿರಲಿ ಎಂದು ಮೈಲುತುತ್ತ ಹಾಕಿ ಕಾಯಿಸುತ್ತಾರೆ. ಅದು ವಿಷ. ಅಲಗಿನ ಮೇಲೆ ಒಣಗಿ ಕೂತ ತೆಳು ನೀಲಿ ಪೊರೆ ಹುಡುಗನ ಕಣ್ಣಿಗೆ ಕಾಣುವುದಿಲ್ಲ, ಅಪ್ಪನ ಕಣ್ಣಿಗೆ ಕಂಡಿತ್ತು.

ನಿನ್ನ ಚಾಕುವಿನಲ್ಲಿ ಮೈಲುತುತ್ತ ಇಲ್ಲ, ಸರಿ. ಆದರೆ ನೀನು ಅದರಲ್ಲಿ ಪಾರ್ಸೆಲ್ ಟೇಪು ಕೊಯ್ದೆ, ಟೇಪಿನ ಗೋಂದು ಕಪ್ಪು ಬಣ್ಣದ ಮೇಲೆ ಮೆತ್ತಿಕೊಂಡಿತ್ತು, ಅದೇ ಅಲಗಿನಲ್ಲಿ ನಮ್ಮನೆಯ ಸೇಬು ಹೆಚ್ಚಿದೆ. ಮಡಚುವ ಚಾಕುವಿಗೆ ಕೀಲು ಇರುತ್ತದೆ, ಕೀಲಿನ ಹಿಂದೆ ಸಂದು ಇರುತ್ತದೆ, ಹಣ್ಣಿನ ರಸ ಆ ಸಂದಿಗೆ ಇಳಿದರೆ ಯಾವ ನಲ್ಲಿಯ ಕೆಳಗೆ ಹಿಡಿದರೂ ಹೋಗುವುದಿಲ್ಲ. ಸ್ಪ್ರಿಂಗು, ಲಾಕು ಎಂದು ಒಳಗೆ ಭಾಗಗಳು ಹೆಚ್ಚಿದಷ್ಟೂ ಸಂದು ಹೆಚ್ಚು. ಎರಡು ದಿನ ಬಿಟ್ಟು ಮೂಸಿ ನೋಡು.

ಇನ್ನು ಅಲಗನ್ನು ನೋಡು. ಬೆನ್ನು ಮೂರು ಮಿಲಿಮೀಟರಿಗಿಂತ ದಪ್ಪ ಇದೆ. ಇರಿದಾಗ ಮುರಿಯಬಾರದೆಂದು ಹಾಗೆ ಮಾಡಿರುತ್ತಾರೆ. ಅಡುಗೆಮನೆಯ ಸಣ್ಣ ಚಾಕು ಅದರ ಅರ್ಧದಷ್ಟು ದಪ್ಪವೂ ಇರುವುದಿಲ್ಲ. ದಪ್ಪ ಅಲಗು ಸೇಬಿನೊಳಗೆ ಅರ್ಧ ಇಳಿಯುತ್ತದೆ, ಅಲ್ಲಿಂದ ಮುಂದಕ್ಕೆ ಕೊಯ್ಯದೆ ಹಣ್ಣನ್ನು ಬಿರಿಸಿಬಿಡುತ್ತದೆ. ನೀನು ಹೆಚ್ಚಿದ ಹೋಳುಗಳು ಒಂದೊಂದು ಒಂದೊಂದು ಆಕಾರಕ್ಕೆ ಬಂದದ್ದು ಅದಕ್ಕೇ. ಟೊಮೇಟೊ ಆಗಿದ್ದರೆ ಜಜ್ಜಿಹೋಗುತ್ತಿತ್ತು. ಮೊನೆ ಸೂಜಿಯಂತೆ ಚೂಪಾಗಿದೆ, ಅದು ಚುಚ್ಚುವುದಕ್ಕೆ. ರಟ್ಟಿನ ಡಬ್ಬಿ ತೆರೆದರೆ ಒಳಗಿನ ಬಟ್ಟೆಯನ್ನೂ ಸೇರಿಸಿ ಗೀರುತ್ತದೆ. ಹಿಡಿಯ ಹತ್ತಿರದ ಅರ್ಧ ಭಾಗಕ್ಕೆ ಗರಗಸದ ಹಲ್ಲು. ಕೈಗೆ ಹೆಚ್ಚು ಹಿಡಿತ ಸಿಗುವುದು ಹಿಡಿಯ ಪಕ್ಕದ ಆ ಭಾಗದಲ್ಲೇ, ನಯವಾದ ಬಾಯಿ ಬೇಕಾದದ್ದೂ ಅಲ್ಲೇ. ನಮ್ಮ ಬೀದಿಗೆ ಈಗಲೂ ಅಪರೂಪಕ್ಕೆ ಸೈಕಲ್ಲಿನಲ್ಲಿ ಸಾಣೆಯವನು ಬರುತ್ತಾನಲ್ಲ, ಅವನ ಕಲ್ಲಿಗೆ ಈ ಹಲ್ಲು ಕೊಟ್ಟರೆ ಸವೆದು ಹೋಗುತ್ತದೆ, ಹರಿತವಾಗುವುದಿಲ್ಲ. ಅಂದರೆ ಒಮ್ಮೆ ಮೊಂಡಾದರೆ ಮುಗಿಯಿತು.

ಮಡಚುವ ಚಾಕುವಿನ ಮೇಲೇ ನನಗೆ ಸಿಟ್ಟು ಎಂದು ತಿಳಿಯಬೇಡ. ಫ್ರಾನ್ಸಿನ ಸವಾಯ್ ಎಂಬ ಬೆಟ್ಟದ ಸೀಮೆಯಲ್ಲಿ ಜೋಸೆಫ್ ಒಪಿನೆಲ್ ಎಂಬವನು 1890ರಲ್ಲಿ ಮಾಡಿದ ಮರದ ಹಿಡಿಯ ಚಾಕು ಇಂದಿಗೂ ಹೆಚ್ಚುಕಮ್ಮಿ ಹಾಗೇ ಇದೆ. ತೆಳು ಅಲಗು, ಒಂದು ಕೀಲು. 1955ರಲ್ಲಿ ಅದಕ್ಕೊಂದು ತಿರುಗುವ ಉಂಗುರ ಸೇರಿಸಿದರು, ಅಲಗು ತಾನಾಗಿ ಮಡಚಿಕೊಳ್ಳದ ಹಾಗೆ. ರೈತರು ರೊಟ್ಟಿ, ಗಿಣ್ಣು ಕೊಯ್ಯಲು ಕೊಳ್ಳುತ್ತಿದ್ದದ್ದು. ಸ್ವಿಸ್ ಚಾಕು 1897ರದು, ಅದರ ಅಲಗೂ ತೆಳುವೇ. ಅದರ ಕಂಪನಿಯವರು, ಹಲವು ದೇಶಗಳಲ್ಲಿ ಚಾಕು ಹಿಡಿದು ಓಡಾಡುವುದಕ್ಕೆ ಕಟ್ಟುಪಾಡು ಬಿಗಿಯಾಗುತ್ತಿರುವುದರಿಂದ ಅಲಗೇ ಇಲ್ಲದ ಮಾದರಿ ತಯಾರಿಸುತ್ತಿದ್ದೇವೆ ಎಂದು 2024ರಲ್ಲಿ ಹೇಳಿದರು. ಇವೆಲ್ಲ ಕೆಲಸಕ್ಕೆಂದು ಹುಟ್ಟಿದ ಚಾಕುಗಳು. ನಿನ್ನದು ಕೆಲಸಕ್ಕೆ ಹುಟ್ಟಿದ್ದಲ್ಲ, ಹೆದರಿಕೆಗೆ ಹುಟ್ಟಿದ್ದು.

ಪಾರ್ಸೆಲ್ಲಿಗೆ ಬೇಕಾದದ್ದು ಪೇಪರ್ ಕಟ್ಟರ್. ಅದರ ಕತೆ ಗೊತ್ತಾ? ಜಪಾನಿನ ಒಸಾಕದಲ್ಲಿ ಯೋಶಿಯೊ ಒಕಾಡ ಎಂಬ ಯುವಕ ಅಚ್ಚುಕೂಟದಲ್ಲಿ ಕಾಗದ ಕೊಯ್ಯುವ ಕೆಲಸದಲ್ಲಿದ್ದ. ಬ್ಲೇಡು ಮೊಂಡಾಗುವುದು, ಎಸೆಯುವುದು, ಇದೇ ಪಾಡು. ಚಮ್ಮಾರರು ಗಾಜನ್ನು ಒಡೆದು ಹೊಸ ಅಂಚು ಮಾಡಿಕೊಳ್ಳುವುದನ್ನೂ ಚಾಕೊಲೇಟ್ ಹಲಗೆ ಗೆರೆಗೆರೆಯಾಗಿ ಮುರಿಯುವುದನ್ನೂ ಕೂಡಿಸಿ ಯೋಚಿಸಿ, 1956ರಲ್ಲಿ ತುದಿ ಮುರಿದರೆ ಹೊಸ ಬಾಯಿ ಬರುವ ಕಟ್ಟರ್ ಮಾಡಿದ. ನಮ್ಮ ಅಂಗಡಿಗೆ ಮೊದಲ ಸಲ ಅದು ಬಂದಾಗ ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಇದನ್ನು ಮಾಡಿದವನು ಕಾಗದ ಕೊಯ್ದವನೇ ಇರಬೇಕು ಎಂದರು. ಅವರಿಗೆ ಒಕಾಡನ ಹೆಸರು ಗೊತ್ತಿರಲಿಲ್ಲ. ಕೈ ಕಂಡ ಕೆಲಸದ ಗುರುತು ಕೈಗೆ ಸಿಕ್ಕಿತ್ತು.

ನಿನಗೆ ಹೇಳಲೇಬೇಕಾದ ಇನ್ನೊಂದು ಸಂಗತಿ ಇದೆ. ನಮ್ಮ ಪಕ್ಕದ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುವ ಹುಡುಗನೊಬ್ಬನಿದ್ದ. ಸಿನಿಮಾಗಳಲ್ಲಿ ರಾಂಪುರಿ ಚಾಕು ಕಂಡು ಹುಚ್ಚು ಹಿಡಿದಿದ್ದ ಕಾಲ. ಮಾರ್ಕೆಟ್ಟಿನ ಹತ್ತಿರ ಎಲ್ಲೋ ಬಟನ್ ಚಾಕು ಕೊಂಡು ತಂದು, ಊಟದ ಹೊತ್ತಿನಲ್ಲಿ ಕಿತ್ತಲೆ ಸುಲಿದು ನಮಗೆಲ್ಲ ಹಂಚುತ್ತಿದ್ದ. ಒಂದು ದಿನ ಮೊಳೆ ಹೊಡೆದ ಮರದ ಪೆಟ್ಟಿಗೆಯ ಮುಚ್ಚಳ ಎಬ್ಬಿಸಲು ಅದೇ ಚಾಕುವಿನ ಮೊನೆ ತೂರಿಸಿ ಮೇಲಕ್ಕೆ ಮೀಟಿದ. ಲಾಕು ಜಾರಿತು. ಅಲಗು ಮಡಚಿಕೊಂಡು ಬೆರಳುಗಳ ಮೇಲೆ ಬಿತ್ತು. ಪೆಟ್ಟಿಗೆಯ ಮೇಲೆ, ಕಾಗದದ ಕಟ್ಟಿನ ಮೇಲೆ ರಕ್ತ. ಆಸ್ಪತ್ರೆಯಲ್ಲಿ ಹೊಲಿದರು, ಗಾಯ ಮಾಯಿತು, ತೋರುಬೆರಳು ಮಾತ್ರ ಮುಂಚಿನಂತೆ ಬಗ್ಗಲಿಲ್ಲ. ಒತ್ತಕ್ಷರದ ಸಣ್ಣ ಮೊಳೆಯನ್ನು ಹೆಕ್ಕಿ ಸಾಲಿನಲ್ಲಿ ಕೂರಿಸುವವನಿಗೆ ತೋರುಬೆರಳೇ ಹೊಟ್ಟೆಪಾಡು. ಸ್ವಲ್ಪ ದಿನದಲ್ಲೇ ಕೆಲಸ ಬಿಟ್ಟ. ನೀನು ದಿನವಿಡೀ ಬೆರಳುಗಳಲ್ಲೇ ದುಡಿಯುವವಳು ಪುಟ್ಟಿ, ಕೀಬೋರ್ಡಿನ ಮೇಲಾದರೇನು.

"ಓಬವ್ವ ಏನು ಕೈಕಟ್ಟಿ ಕೂತಿದ್ಳಾ" ಎಂದು ಕೇಳಿದೆಯಲ್ಲ, ಆ ಮಾತಿಗೆ ನನಗೆ ಸಿಟ್ಟು ಬಂತು. ಓಬವ್ವನ ಕೈಯಲ್ಲಿದ್ದದ್ದು ಕೊಂಡು ತಂದ ಆಯುಧವಲ್ಲ, ಭತ್ತ ಕುಟ್ಟುವ ಒನಕೆ. ಅದನ್ನು ಎತ್ತಿ ಎತ್ತಿ ಅವಳ ತೋಳು ಪಳಗಿತ್ತು. ಒನಕೆ ಉದ್ದ, ಎದುರಾಳಿ ದೂರವಿರುವಾಗಲೇ ತಾಗುತ್ತದೆ. ಹೈದರಾಲಿಯ ಸೈನಿಕರು ಕೋಟೆಯ ಕಿಂಡಿಯಲ್ಲಿ ಒಬ್ಬೊಬ್ಬರಾಗಿ ತಲೆ ಬಗ್ಗಿಸಿ ನುಸುಳಿ ಬರಬೇಕಿತ್ತು. ನಿನ್ನ ಮೂರು ಅಂಗುಲದ ಅಲಗು ತಾಗಬೇಕಾದರೆ ಎದುರಾಳಿ ನಿನ್ನ ಮೈಮೇಲೇ ಬಂದಿರಬೇಕು. ಅಷ್ಟು ಹತ್ತಿರ ಬಂದ ಗಂಡಸಿನ ಕೈ ಮೊದಲು ಹಿಡಿಯುವುದು ನಿನ್ನ ಮಣಿಕಟ್ಟನ್ನು. ಆಮೇಲೆ ಚಾಕು ಯಾರದು? ನಿಜಕ್ಕೂ ಇರಿಯುತ್ತೀಯಾ? ಇರಿದ ಮೇಲೆ ಏನಾಗುತ್ತದೆ ಎಂದು ಒಂದು ರಾತ್ರಿಯಾದರೂ ಕೂತು ಯೋಚಿಸಿದ್ದೀಯಾ? ಓದಿದ ಹುಡುಗಿ, ಜಾಹೀರಾತಿನ ಮಾತು ನಂಬಿ ದುಡ್ಡು ಕೊಟ್ಟು ಬಂದೆಯಲ್ಲ!

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗನ್ನು ಆಯುಧಗಳ ಪಟ್ಟಿಗೆ ಸೇರಿಸಿ, ಮನೆಗೆಲಸ, ಬೇಸಾಯ, ಕೈಗಾರಿಕೆಗೆಂದು ಮಾಡಿದ್ದನ್ನು ಹೊರಗಿಟ್ಟಿದ್ದಾರೆ. ನಿನ್ನದು ಆ ಅಳತೆಗೆ ಸಿಗುವುದಿಲ್ಲ, ನಿಜ. ಆದರೆ ಊರಿನಲ್ಲಿ ನಿಷೇಧಾಜ್ಞೆ ಇದ್ದಾಗ ಚಾಕು ಹಿಡಿದು ಓಡಾಡಬಾರದು ಎನ್ನುವ ಆದೇಶಕ್ಕೆ ಉದ್ದಗಲದ ಲೆಕ್ಕ ಇರುವುದಿಲ್ಲ. ನ್ಯಾಷನಲ್ ಕಾಲೇಜು ಮೆಟ್ರೋ ನಿಲ್ದಾಣದಲ್ಲಿ ಬ್ಯಾಗು ಯಂತ್ರದೊಳಗೆ ಹೋಗುತ್ತದೆ, ಅಲ್ಲಿ ಚಾಕು ಕಂಡರೆ ತಡೆಯಬಹುದು. ನೀನು ಮನೆಗೆ ಬರುವುದೇ ಆ ರೈಲಿನಲ್ಲಿ. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಆತ್ಮರಕ್ಷಣೆಯ ಹಕ್ಕು ಇದೆ, ಆದರೆ ರಕ್ಷಣೆಗೆ ಬೇಕಾದಷ್ಟಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಇರಿಯುವ ಆಯುಧದಿಂದ ಗಾಯ ಮಾಡಿದರೆ ಮೂರು ವರ್ಷದವರೆಗೆ ಶಿಕ್ಷೆ ಎಂದೂ ಅದರಲ್ಲೇ ಇದೆ. ಎಷ್ಟು ಬೇಕಿತ್ತು, ಎಷ್ಟು ಹೆಚ್ಚಾಯಿತು ಎಂದು ಕೋರ್ಟಿನಲ್ಲಿ ವಿವರಿಸಬೇಕಾದವಳು ನೀನು. "ಹಣ್ಣು ಹೆಚ್ಚೋಕೆ ಇಟ್ಕೊಂಡಿದ್ದೆ" ಎಂದರೆ ಆ ಚಾಕುವಿನ ಆಕಾರ ನೋಡಿದವರು ನಂಬುವುದಿಲ್ಲ.

ಸಾಕು, ಬೈದದ್ದು ಹೆಚ್ಚಾಯಿತು. ನಿನ್ನ ಹೆದರಿಕೆ ಸುಳ್ಳಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಮದುವೆಗೆ ಮುಂಚೆ ನಾನು ಕರಡು ತಿದ್ದುವ ಕೆಲಸಕ್ಕೆ ಹೋಗುತ್ತಿದ್ದೆ. ವಿಶೇಷಾಂಕದ ಸಮಯದಲ್ಲಿ ರಾತ್ರಿಯಾಗುತ್ತಿತ್ತು. ಬಸ್ಸಿನ ನೂಕುನುಗ್ಗಲಿಗೆಂದು ಸೆರಗಿನಲ್ಲಿ ಪಿನ್ನು, ಎಲ್ಲ ಹುಡುಗಿಯರ ಹತ್ತಿರವೂ ಇರುತ್ತಿತ್ತು. ಒಂದು ರಾತ್ರಿ ಮಕ್ಕಳಕೂಟದ ಹತ್ತಿರ ಒಬ್ಬ ಹಿಂದೆ ಬಿದ್ದ. ನಾನು ನಡಿಗೆ ಜೋರು ಮಾಡಿದರೆ ಅವನೂ ಜೋರು, ನಿಂತರೆ ಅವನೂ ನಿಂತ. ಎದೆ ಹೊಡೆದುಕೊಳ್ಳುವ ಸದ್ದು ಕಿವಿಯಲ್ಲಿ. ಮುಚ್ಚುತ್ತಿದ್ದ ಒಂದು ಕಾಫಿ ಹೋಟೆಲಿನೊಳಗೆ ನುಗ್ಗಿ, "ಯಾರೋ ಹಿಂದೆ ಬರ್ತಿದಾನೆ" ಎಂದು ಕಿರುಚಿದೆ. ಗಲ್ಲಾದಲ್ಲಿದ್ದ ಯಜಮಾನರು ಪಂಚೆ ಎತ್ತಿಕಟ್ಟಿ ಬೀದಿಗಿಳಿದರು, ಲೋಟ ತೊಳೆಯುತ್ತಿದ್ದ ಹುಡುಗರೂ ಇಳಿದರು. ಅವನು ಓಡಿದ. ಅವರಲ್ಲಿ ಇಬ್ಬರು ನನ್ನನ್ನು ಮನೆಯವರೆಗೆ ಬಿಟ್ಟು ಹೋದರು. ಚೀಲದಲ್ಲಿ ಪೆನ್ಸಿಲ್ ಹೆರೆಯಲು ಅಪ್ಪ ಮಾಡಿಕೊಟ್ಟ ಹ್ಯಾಕ್ಸಾ ಚಾಕು ಇತ್ತು. ಅದು ಅಲ್ಲಿದೆ ಎಂದು ನೆನಪಾದದ್ದು ಮನೆಯಲ್ಲಿ ನೀರು ಕುಡಿದು ಕೂತ ಮೇಲೆ. ಹೆದರಿಕೆ ಬಂದ ಗಳಿಗೆಯಲ್ಲಿ ಕೈ ಹುಡುಕುವುದು ಅಭ್ಯಾಸವಾದದ್ದನ್ನು ಮಾತ್ರ. ನನಗೆ ಕೂಗುವುದು ಬರುತ್ತಿತ್ತು, ಇರಿಯುವುದು ಬರುತ್ತಿರಲಿಲ್ಲ. ನಿನಗೂ ಬರುವುದಿಲ್ಲ.

ಆದ್ದರಿಂದ ಕೂಗುವುದನ್ನು ಅಭ್ಯಾಸ ಮಾಡು, ನಾಚಿಕೆ ಬಿಟ್ಟು. 112 ಒತ್ತುವುದನ್ನು ಅಭ್ಯಾಸ ಮಾಡು. ನಿಲ್ದಾಣದಿಂದ ಮನೆಗೆ ಬರುವ ದಾರಿಯಲ್ಲಿ ಎಷ್ಟು ಹೊತ್ತಿನವರೆಗೆ ಯಾವ ಔಷಧಿ ಅಂಗಡಿ ತೆರೆದಿರುತ್ತದೆ, ಯಾವ ಮನೆಗೆ ಕಾವಲುಗಾರ ಇದ್ದಾನೆ, ಹಗಲಲ್ಲಿ ನಡೆದು ನೋಡಿಕೊಂಡು ಬಾ. ಪೆಪ್ಪರ್ ಸ್ಪ್ರೇ ಬೇಕೆನಿಸಿದರೆ ಇಟ್ಟುಕೋ, ಅದು ಒಂದಷ್ಟು ದೂರದಿಂದಲೇ ಕೆಲಸ ಮಾಡುತ್ತದೆ. ನಾನು ಬೇಡ ಅನ್ನುವುದಿಲ್ಲ.

ಭಾನುವಾರ ಬೆಳಿಗ್ಗೆ ಬಾ, ತಿಂಡಿ ತಿಂದು ಗಾಂಧಿ ಬಜಾರಿಗೆ ಹೋಗೋಣ. ಪಾತ್ರೆ ಅಂಗಡಿಯಲ್ಲಿ ಒಂದು ತೆಳು ಚಾಕು ಕೊಡಿಸುತ್ತೇನೆ, ಅದು ನಿನ್ನ ಅಡುಗೆ ಕಟ್ಟೆಯ ಮೇಲಿರಲಿ. ಸ್ಟೇಷನರಿಯವರ ಹತ್ತಿರ ಲಾಕು ಗಟ್ಟಿ ಇರುವ ಪೇಪರ್ ಕಟ್ಟರ್ ಒಂದು, ಅದು ಮೇಜಿನ ಡ್ರಾಯರಿನಲ್ಲಿರಲಿ. ಆ ಕಪ್ಪು ಚಾಕುವನ್ನು ಏನು ಮಾಡಬೇಕೆಂದು ನೀನೇ ನೋಡು. ವಾಪಸ್ ತೆಗೆದುಕೊಳ್ಳುವ ದಿನ ಇನ್ನೂ ಮುಗಿದಿಲ್ಲ ಎಂದು ನಿನ್ನಮ್ಮ ಹೇಳುತ್ತಿದ್ದಳು. ರಾತ್ರಿ ತಡವಾಗುವ ದಿನ ರೈಲಿನಿಂದ ಇಳಿದ ಕೂಡಲೇ ನನಗೆ ಫೋನು ಮಾಡು, ಬಾಗಿಲು ತೆಗೆಯುವವರೆಗೂ ಮಾತಾಡುತ್ತಿರೋಣ. ಹನ್ನೊಂದಾದರೂ ಪರವಾಗಿಲ್ಲ, ನಾನು ಎದ್ದಿರುತ್ತೇನೆ.

ಇಂತಿ,
ನಿನ್ನ ಅತ್ತೆ
ಬಸವನಗುಡಿ